ಏಳನೇ ಡೆಸ್ಕು, ಹದಿನಾರನೇ ಗಾಡಿ

ಆರು ಗಂಟೆ ಕಾಲ ಗುಡ್ಡ ಹತ್ತಿ ಬಂದವಳಿಗೆ ಬೇಕಾಗಿದ್ದದ್ದು ನಾಲ್ಕನೇ ನಂಬರಿನ ಮಂಚ, ಅಷ್ಟೇ. ಆ ಮಂಚದ ಮೇಲೆ ಒಬ್ಬ ಗಂಡಸು ಮಲಗಿದ್ದ.

ಬೂಟು ಬಿಚ್ಚಿರಲಿಲ್ಲ. ಆದರೆ ಹಾಸಿಗೆಗೆ ಕೆಸರು ತಾಗದಂತೆ ಎರಡೂ ಕಾಲನ್ನು ಮಂಚದಾಚೆ ಚಾಚಿದ್ದ. ಬಾಯಿ ಸ್ವಲ್ಪ ತೆರೆದಿತ್ತು. ಬುಡ ಕಡಿದ ಮರದಂತೆ, ಬಿದ್ದಲ್ಲೇ ನಿದ್ದೆ ಹೋಗಿದ್ದ.

ಅವಳು ಕೈಯಲ್ಲಿದ್ದ ಚೀಟಿ ನೋಡಿಕೊಂಡಳು. ನಾಲ್ಕು. ಬಾಗಿಲಲ್ಲಿ ಆ ಚೀಟಿ ಕೊಟ್ಟದ್ದು ತಂಗುಮನೆ ನೋಡಿಕೊಳ್ಳುವ ಹೆಂಗಸು. ಅರವತ್ತು ದಾಟಿದ ಆಕೆಯನ್ನು ಚಾರಣಕ್ಕೆ ಬಂದವರೆಲ್ಲ ದೊಡ್ಡಮ್ಮ ಅಂತಲೇ ಕರೆಯುತ್ತಿದ್ದರು. "ಇವತ್ತೇ ಕೊನೇ ರಾತ್ರಿ ತಾಯಿ. ನಾಳೆ ಎಂಟಕ್ಕೆ ಬೀಗ ಹಾಕಿ ನಾನೂ ಇಳೀತೀನಿ. ಇನ್ನೇನಿದ್ರೂ ಚಳಿಗಾಲ ಕಳೆದ ಮೇಲೆ," ಎಂದಿದ್ದರು.

"ರೀ," ಎಂದಳು ಅವಳು. ಗಂಟಲು ಕಟ್ಟಿ ಎಂಟು ದಿನವಾಗಿತ್ತು. ಧ್ವನಿ ತಗಡಿನ ಮೇಲೆ ಮರಳು ಎಳೆದ ಹಾಗೆ ಬಂತು. "ರೀ, ಇದು ನನ್ನ ಮಂಚ. ಏಳ್ರೀ."

ಅವನು ಕದಲಲಿಲ್ಲ. ಬೆನ್ನಿನ ಚೀಲ ಅವಳ ಭುಜ ಕೊಯ್ಯುತ್ತಿತ್ತು. ಮರ್ಯಾದೆಯ ಮಾತಾಡಲೂ ಶಕ್ತಿ ಉಳಿದಿರಲಿಲ್ಲ.

"ಏಳು, ಪುಣ್ಯಾತ್ಮ!"

ಅವನು ಸ್ಪ್ರಿಂಗ್ ಬಿಟ್ಟ ಹಾಗೆ ಎದ್ದು ಕೂತ. ಕಣ್ಣು ಇನ್ನೂ ಮುಚ್ಚಿಯೇ ಇತ್ತು. ಬಲಗೈ ಎದೆಯ ಹತ್ತಿರ, ಅಲ್ಲಿಲ್ಲದ ಏನನ್ನೋ ಹುಡುಕಿತು.

"ಹದಿನಾರು," ಎಂದ. "ಹೇಳಿ ಏಳು. ಎಲ್ಲಿಗೆ?"

ಚೀಲ ಅವಳ ಭುಜದಿಂದ ಜಾರಿ ನೆಲಕ್ಕೆ ಬಿತ್ತು.

ಅವಳ ಕೆಲಸ ಆಂಬ್ಯುಲೆನ್ಸ್ ಕಂಟ್ರೋಲ್ ರೂಮಿನಲ್ಲಿ. ಕಿಟಕಿಯಿಲ್ಲದ ಕೋಣೆ, ಒಂಬತ್ತು ಮೇಜು, ತಲೆಗೆ ಹೆಡ್‌ಫೋನು. ಊರಲ್ಲಿ ಯಾರೋ ಎಲ್ಲೋ ಬಿದ್ದರೆ, ಸುಟ್ಟುಕೊಂಡರೆ, ಉಸಿರು ಕಟ್ಟಿದರೆ ಮೊದಲು ಕೇಳುವುದು ಅವಳ ದನಿ. ಅವರಿಗೆ ಧೈರ್ಯ ಹೇಳುತ್ತಲೇ ಇನ್ನೊಂದು ಕಡೆ ಗಾಡಿ ಕಳಿಸಬೇಕು. ವೈರ್‌ಲೆಸ್ಸಿನಲ್ಲಿ ಹೆಸರು ಹೇಳುವ ಹಾಗಿಲ್ಲ. ಅವಳು ಏಳನೇ ಡೆಸ್ಕು. ಈ ದನಿ ಹದಿನಾರನೇ ಗಾಡಿಯದು. 'ಏಳು ಕರೆದರೆ ಏಳಲೇಬೇಕು' ಅನ್ನುವುದು ಡ್ರೈವರುಗಳ ನಡುವೆ ಹಳಸಿಹೋದ ಜೋಕು.

ನಾಲ್ಕು ವರ್ಷದಿಂದ ವಾರಕ್ಕೆ ಐದು ರಾತ್ರಿ ಈ ದನಿ ಅವಳ ಕಿವಿಯೊಳಗೆ ಇತ್ತು. ಮುಖ ಒಂದು ಸಲವೂ ನೋಡಿರಲಿಲ್ಲ. ಗಾಡಿಗಳು ನಿಲ್ಲುವುದು ಊರಿನ ಇನ್ನೊಂದು ತುದಿಯಲ್ಲಿ. ದಪ್ಪ ಮೀಸೆ, ಸಣ್ಣದೊಂದು ಹೊಟ್ಟೆ ಇರಬೇಕು ಅಂದುಕೊಂಡಿದ್ದಳು. ಎದುರಿಗಿದ್ದವನಿಗೆ ಎರಡೂ ಇರಲಿಲ್ಲ. ತೆಳ್ಳಗೆ, ಉದ್ದಕ್ಕೆ ಇದ್ದ. ಕಿವಿಯ ಪಕ್ಕ ಕೂದಲು ಬೆಳ್ಳಗಾಗಿತ್ತು. ಕಣ್ಣ ಕೆಳಗೆ, ಅವಳಿಗೂ ಇದ್ದಂಥ ಕಪ್ಪು.

ಅವನು ಕಣ್ಣು ಬಿಟ್ಟ. ಅವಳನ್ನು ನೋಡಿದ. ಕಿವಿ ಕೆಂಪಾಯಿತು.

"ಅಯ್ಯೋ, ಕ್ಷಮಿಸಿ. ಕೆಲಸದ ಚಾಳಿ. ಆಂಬ್ಯುಲೆನ್ಸ್ ಓಡಿಸ್ತೀನಿ. ನಿಮ್ಮ ಮಂಚಾನಾ? ನಂದು ಮೇಲಿಂದು, ಒಂಬತ್ತು. ಏಣಿ ಹತ್ತೋಕೆ ಕಾಲು ಬರಲಿಲ್ಲ. ಐದೇ ನಿಮಿಷ ಒರಗೋಣ ಅಂತ..."

"ಮೂರು ಗಂಟೆ ಆಯ್ತಪ್ಪಾ ನಿನ್ನ ಐದು ನಿಮಿಷ," ಒಲೆಯ ಕಡೆಯಿಂದ ದೊಡ್ಡಮ್ಮ ಕೂಗಿದರು.

ಆಗಲೇ ಹೇಳಬಹುದಿತ್ತು. ನಾನೇ ಏಳು, ಅಂತ. ಅವಳು ಹೇಳಲಿಲ್ಲ. ಬಗ್ಗಿ ಚೀಲ ಎತ್ತಿಕೊಂಡಳು.

*

ತಂಗುಮನೆಗೆ ದೊಡ್ಡಮ್ಮನದೇ ಕಾನೂನು. ಕೊನೆಗೆ ಬಂದವರು ನೀರು ತರಬೇಕು, ತಪ್ಪು ಮಾಡಿದವರು ಕೊಡ ಹೊರಬೇಕು. ಹಾಗಾಗಿ ಇಬ್ಬರೂ ಒಟ್ಟಿಗೆ ಒರತೆಯ ಕಡೆ ಹೊರಟರು.

ದಾರಿ ತುಂಬ ಎಲೆ. ಹಳದಿ, ಕಂದು, ಮಾಗಿದ ಹಣ್ಣಿನ ಕೆಂಪು. ಮರಗಳು ಅರ್ಧ ಬರಿದಾಗಿದ್ದವು. ಬಿಸಿಲು ಇಳಿಯುತ್ತಿತ್ತು. ಅವನು ಮುಂದೆ, ಅವಳು ಕುಂಟುತ್ತ ಹಿಂದೆ.

"ಒಬ್ರೇ ಬಂದ್ರಾ?"

"ಹೂಂ. ಅಕ್ಕ ಕಳಿಸಿದ್ಲು. ರಜೆ ಅರ್ಜಿ ತಾನೇ ಬರೆದು, ನನ್ನ ಕೈಹಿಡಿದು ಸಹಿ ಹಾಕಿಸಿದ್ಲು."

"ಒಳ್ಳೇ ಅಕ್ಕ."

"ಜೋರು ಅಕ್ಕ."

ಅವನು ನಕ್ಕ. ಆ ನಗು ಅವಳಿಗೆ ಗೊತ್ತಿತ್ತು. ವೈರ್‌ಲೆಸ್ಸಿನಲ್ಲಿ ಅದು ಮೂಗಿನಿಂದ ಬರುವ ಒಂದು ಗಾಳಿಯಷ್ಟೇ. ಇಲ್ಲಿ ನೋಡಿದರೆ ಮೊದಲು ಎಡಗಣ್ಣು ಕಿರಿದಾಗುತ್ತಿತ್ತು, ಆಮೇಲೆ ತುಟಿ. ನಾಲ್ಕು ವರ್ಷ ಇದೆಲ್ಲ ನಡೆಯುತ್ತಲೇ ಇತ್ತು, ತನಗೆ ಮಾತ್ರ ಕಾಣಿಸುತ್ತಿರಲಿಲ್ಲ ಅನ್ನಿಸಿ ಅವಳಿಗೆ ವಿಚಿತ್ರವಾಯಿತು.

"ನಿಮ್ಮ ಕೆಲಸ?"

"ಆಫೀಸು. ಫೋನ್ ಎತ್ತೋದು."

"ಅದಕ್ಕೇ ಗಂಟಲು ಹೋಗಿದೆ."

"ಅದಕ್ಕೇ," ಎಂದಳು.

ಅವನು ತಿರುಗಿ ಒಂದು ಗಳಿಗೆ ಅವಳ ಮುಖ ನೋಡಿದ. ಅವಳು ಕೊಡದ ಕಂಠ ನೋಡಿದಳು. ಅವನು ಮತ್ತೆ ಮುಂದೆ ನಡೆದ.

ಈ ಜಾಗ ಅವಳಿಗೆ ತಿಳಿದದ್ದೇ ಅವನಿಂದ. ಕರೆಗಳಿಲ್ಲದ ಬೆಳಗಿನ ಜಾವಗಳಲ್ಲಿ ಅವನು ವೈರ್‌ಲೆಸ್ಸಿನಲ್ಲಿ ಆಕಾಶ ಹೇಳುತ್ತಿದ್ದ. 'ಏಳು, ಹವಾಮಾನ ವರದಿ. ಪೂರ್ವಕ್ಕೆ ಕೇಸರಿ, ಮೇಲೆ ಒಂದು ಹರಿದ ಮೋಡ, ಯಾರೋ ಬನಿಯನ್ ಒಣಹಾಕಿದ ಹಾಗೆ.' ಕಿಟಕಿಯಿಲ್ಲದ ಕೋಣೆಯಲ್ಲಿ ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಹೋದ ವರ್ಷ ಒಮ್ಮೆ ಈ ತಂಗುಮನೆಯ ಮಾತು ಬಂದಿತ್ತು. ಎಲೆ ಉದುರುವಾಗ, ಬೀಗ ಹಾಕುವ ಮುಂಚೆ, ಪ್ರತಿ ವರ್ಷ ಬರುತ್ತೇನೆ ಅಂದಿದ್ದ. ಅಲ್ಲಿ ಯಾವ ಫೋನೂ ರಿಂಗ್ ಆಗುವುದಿಲ್ಲ ಅಂದಿದ್ದ.

ಆಮೇಲೆ ಆ ರಾತ್ರಿ ಬಂತು. ಹವಾಮಾನ ವರದಿ ನಿಂತುಹೋಯಿತು.

*

ಬೇಳೆ ಸೂಪು, ಬೇಯಿಸಿದ ಆಲೂಗಡ್ಡೆ, ಗಟ್ಟಿ ಬ್ರೆಡ್ಡು. ಕಬ್ಬಿಣದ ಒಲೆಯ ಸುತ್ತ ಮೂವರೇ. ದೊಡ್ಡಮ್ಮ ಬೇಗ ಉಂಡು, "ಪಾತ್ರೆ ನೀವು ತೊಳೀರಿ, ನಾನು ತೊಳೆದು ತೊಳೆದು ಸವೆದುಹೋದೆ," ಎಂದು ಪರದೆಯ ಆಚೆ ಮಲಗಿದರು. ಎರಡನೇ ನಿಮಿಷಕ್ಕೆ ಗೊರಕೆ.

"ಕಾಲು ತೋರಿಸಿ," ಎಂದ ಅವನು.

"ಏನಾಗಿಲ್ಲ."

"ಒರತೆಯಿಂದ ಇಲ್ಲಿಗೆ ಹನ್ನೆರಡು ಸಲ ಹಲ್ಲು ಕಚ್ಚಿದ್ರಿ. ನಾನು ಎಣಿಸಿದೆ."

ಅವಳು ಕಾಲುಚೀಲ ಬಿಚ್ಚಿದಳು. ಹಿಮ್ಮಡಿಯ ಮೇಲೆ ಬೊಬ್ಬೆ ಒಡೆದಿತ್ತು. ಅವನು ಬಿಸಿನೀರಿನಲ್ಲಿ ಬಟ್ಟೆ ಅದ್ದಿ, ಅವಳ ಪಾದವನ್ನು ತನ್ನ ಮೊಣಕಾಲ ಮೇಲಿಟ್ಟುಕೊಂಡ. ಅವನ ಹೆಬ್ಬೆರಳು ಬೆಚ್ಚಗಿತ್ತು. ಔಷಧ ತಾಗಿ ಉರಿದಾಗ ಅವಳು ಉಸಿರೆಳೆದಳು. ಅವನು ತಲೆ ಎತ್ತದೆ ಊದಿದ, ಮಕ್ಕಳಿಗೆ ಊದುವ ಹಾಗೆ.

"ಎಲ್ಲ ಪೇಷಂಟುಗಳಿಗೂ ಊದ್ತೀರಾ?"

"ಇಲ್ಲ. ತಂಗಿ ಮಕ್ಕಳಿಗೆ. ಅವಳ ಮನೆಯ ಮಹಡಿ ಮೇಲೆ ನನ್ನ ರೂಮು. 'ಮಾವ ಮಲಗಿದಾರೆ, ಗಲಾಟೆ ಮಾಡಬೇಡಿ' ಅಂತ ಅವಳು ಗದರಿಸೋ ಸದ್ದಿಗೇ ದಿನಾ ಎಚ್ಚರ ಆಗುತ್ತೆ."

ಅವಳಿಗೆ ನಗು ಬಂತು. ನಗು ಬಂದು ಎಷ್ಟು ದಿನವಾಯಿತು ಎಂದು ನೆನಪಾಗಲಿಲ್ಲ.

ಅವನು ಪಟ್ಟಿ ಅಂಟಿಸಿದ. ಪಾದವನ್ನು ತಕ್ಷಣ ಕೆಳಗಿಳಿಸಲಿಲ್ಲ. ಅವಳೂ ಎಳೆದುಕೊಳ್ಳಲಿಲ್ಲ. ಒಲೆಯಲ್ಲಿ ಒಂದು ಕೊರಡು ಮುರಿದು ಕೆಂಡ ಹಾರಿತು.

"ಆಗ ನಿದ್ದೆಗಣ್ಣಲ್ಲಿ ಏಳು ಅಂದ್ರಲ್ಲ," ಅವಳು ಮೆಲ್ಲಗೆ ಕೇಳಿದಳು. "ಯಾರದು?"

ಅವನು ಪಟ್ಟಿಯ ಅಂಚನ್ನು ಹೆಬ್ಬೆರಳಿನಿಂದ ಇನ್ನೊಮ್ಮೆ ಒತ್ತಿದ.

"ಕಂಟ್ರೋಲ್ ರೂಮಿನವರು. ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ. ಅವರ ದನಿ ಇದ್ರೆ ರಾತ್ರಿ ಕಳೀತಿತ್ತು. ಎಂಥ ಗಲಾಟೇಲೂ ಅವಸರವೇ ಇರಲ್ಲ ಆ ದನಿಗೆ. ಬಾವಿಗೆ ಬಿದ್ದವನಿಗೆ ಹಗ್ಗ ಇಳಿಸಿದ ಹಾಗೆ ಮಾತಾಡ್ತಾರೆ."

ಅವಳು ಪಾದ ಕೆಳಗಿಟ್ಟಳು.

"ಕಳೀತಿತ್ತು ಅಂದ್ರೆ? ಈಗಿಲ್ವಾ?"

"ನಾನು ಹಾಳು ಮಾಡಿದೆ." ಅವನು ಅಂಗೈಯಿಂದ ಮುಖ ಉಜ್ಜಿಕೊಂಡ. "ಹೇಳಲಾ? ಇವತ್ತು ನೋಡಿ ನಾಳೆ ಮರೆಯೋರ ಹತ್ರ ಹೇಳೋದು ಸುಲಭ."

"ಹೇಳಿ."

"ಒಬ್ಬ ಬೇಕರಿಯವರು. ರಾತ್ರಿ ಅಂಗಡಿ ಮುಚ್ಚಿ ಮನೆಗೆ ಬಂದ ಮೇಲೆ ಎದೆ ಹಿಡಿದುಕೊಂಡು ಬಿದ್ರು. ಏಳು ನನ್ನನ್ನ ಹೊಳೆ ದಾರೀಲಿ ಕಳಿಸಿದ್ರು, ಅದೇ ಹತ್ತಿರ. ಹೋಗಿ ನೋಡಿದ್ರೆ ಸೇತುವೆ ಬಂದ್. ರಿಪೇರಿ. ತಿರುಗಿಸ್ಕೊಂಡು ಬಳಸಿ ಹೋಗೋ ಹೊತ್ತಿಗೆ ಒಂಬತ್ತು ನಿಮಿಷ ಹೆಚ್ಚಾಯ್ತು. ಅವರು ಹೋಗಿಬಿಟ್ಟಿದ್ರು."

ಅವಳು ಬಿಚ್ಚಿದ ಕಾಲುಚೀಲವನ್ನು ಬೆರಳಿಗೆ ಸುತ್ತಿಕೊಂಡಳು.

"ಸಿಟ್ಟಲ್ಲಿ ವೈರ್‌ಲೆಸ್ಸಿನಲ್ಲೇ, ಎಲ್ಲಾ ಗಾಡಿ ಕೇಳೋ ಹಾಗೆ ಅಂದುಬಿಟ್ಟೆ. ಕಿಟಕಿ ಇಲ್ಲದ ಕೋಣೇಲಿ ಕೂತು ದಾರಿ ಹೇಳೋದು ಬಹಳ ಸುಲಭ ಅಂತ. ಅವರು ತಿರುಗಿ ಒಂದು ಮಾತೂ ಆಡಲಿಲ್ಲ. 'ತಿಳೀತು ಹದಿನಾರು' ಅಂದ್ರು, ಅಷ್ಟೇ."

"ತಪ್ಪು ಅವರದೇ ಅಲ್ವಾ? ದಾರಿ ಹೇಳಿದ್ದು ಅವರೇ."

"ಅದೇ ಹೇಳ್ತಿರೋದು. ಅಲ್ಲ." ಅವನು ಒಲೆಯನ್ನೇ ನೋಡುತ್ತಿದ್ದ. "ಸೇತುವೆ ಮುಚ್ಚಿದ ನೋಟಿಸು ಅವತ್ತು ಸಂಜೆ ನಮ್ಮ ಗ್ಯಾರೇಜಿಗೆ ಬಂದಿತ್ತು. ಪಾಳಿಗೆ ಬಂದ ಮೊದಲನೇ ಡ್ರೈವರು ಓದಿ, ಸಹಿ ಹಾಕಿ, ಕಂಟ್ರೋಲಿಗೆ ತಿಳಿಸಬೇಕು. ರೂಲ್ಸು ಅದು. ಆ ಪಾಳಿಗೆ ಮೊದಲು ಬಂದೋನು ನಾನು. ಹದಿನಾರು ದಿನ ರಜೆ ಇಲ್ಲದೆ ಓಡಿಸಿದ್ದೆ, ಕಣ್ಣು ನಿಲ್ತಿರಲಿಲ್ಲ. ಓದದೇನೇ ಸಹಿ ಹಾಕಿದೆ. ಮಾರನೇ ದಿನ ಬೋರ್ಡಿನ ಮೇಲೆ ನನ್ನ ಸಹಿ ನಾನೇ ನೋಡಿದೆ."

"ನೋಡಿ?"

"ಸುಮ್ಮನಿದ್ದೆ. ಹೆದರಿಕೆ. ನಾಳೆ ಹೇಳೋಣ, ನಾಳೆ ಹೇಳೋಣ ಅಂತ. ಮೊನ್ನೆ ಗೊತ್ತಾಯ್ತು, ವಿಚಾರಣೇಲಿ ಏಳು ತಾನೇ ತಪ್ಪು ಒಪ್ಕೊಂಡು ಬರೆದುಕೊಟ್ಟಿದಾರೆ ಅಂತ. ಅವತ್ತೇ ಹೋಗಿ ಸಾಹೇಬರಿಗೆ ಎಲ್ಲಾ ಹೇಳಿದೆ. ಅವರಿಗೂ ಹೇಳೋಣ ಅಂತ ಕಂಟ್ರೋಲಿಗೆ ಕೇಳಿದ್ರೆ, ರಜೆ ಮೇಲೆ ಹೋಗಿದಾರೆ ಅಂದ್ರು."

ಅವಳು ಎದ್ದಳು. ಒಂದು ಕಾಲಿಗೆ ಕಾಲುಚೀಲವಿತ್ತು, ಇನ್ನೊಂದಕ್ಕೆ ಇರಲಿಲ್ಲ. ಹಾಗೆಯೇ ಬಾಗಿಲು ತೆಗೆದು ಹೊರಗೆ ಹೋದಳು.

*

ಹೊರಗೆ ಚಳಿ ಮೂಳೆಗೆ ಇಳಿಯುವಂತಿತ್ತು. ಮೆಟ್ಟಿಲ ಮೇಲೂ ಎಲೆ ಬಿದ್ದಿದ್ದವು. ಅವನು ಕಂಬಳಿ ಹಿಡಿದು ಹಿಂದೆಯೇ ಬಂದ.

"ಏನಾಯ್ತು? ನಾನೇನಾದ್ರೂ ತಪ್ಪು..."

"ಮೂವತ್ತೆಂಟು ದಿನ," ಎಂದಳು ಅವಳು, ಬೆನ್ನು ಹಾಕಿಕೊಂಡೇ. "ಅವರ ಹೆಂಡತಿ ಫೋನಲ್ಲಿದ್ರು. ಎದೆ ಹೇಗೆ ಒತ್ತಬೇಕು ಅಂತ ನಾನೇ ಹೇಳಿಕೊಟ್ಟೆ. ಒಂದರಿಂದ ಮೂವತ್ತು ಎಣಿಸಿ, ಮತ್ತೆ ಒಂದರಿಂದ ಶುರು ಮಾಡಿ ಅಂದೆ. ಆಯಮ್ಮ ಎಣಿಸಿದ್ರು. ಗಾಡಿ ಬಂತಾ ಅಂತ ಕೇಳ್ತಾ ಎಣಿಸಿದ್ರು. ಬರ್ತಿದೆ, ಬರ್ತಿದೆ ಅಂತ ನಾನು ಹೇಳ್ತಾನೇ ಇದ್ದೆ. ಈಗಲೂ ಕಣ್ಣು ಮುಚ್ಚಿದ್ರೆ ಎಣಿಸ್ತಾರೆ. ಮೂವತ್ತೆಂಟು ದಿನದಿಂದ ನಾನು ನಿದ್ದೆ ಮಾಡಿಲ್ಲ."

ತಿರುಗಿ ನೋಡಿದಳು. ಅವನು ಮೆಟ್ಟಿಲ ಮೇಲೆ ಕುಸಿದು ಕೂತಿದ್ದ. ಕಂಬಳಿ ಅವನ ಕೈಯಲ್ಲೇ ಇತ್ತು.

"ಏಳು," ಎಂದ, ಕೇಳಿಸದಷ್ಟು ಸಣ್ಣಗೆ.

"ಹೂಂ."

"ನಿಮ್ಮ ದನಿ..."

"ಕಟ್ಟಿದೆ, ಕೇಳಿಸ್ತಿದೆಯಲ್ಲ."

"ಕ್ಷಮಿಸಿ ಅನ್ನೋದು ಬಹಳ ಸಣ್ಣ ಮಾತು," ಎಂದ ಅವನು.

"ಸಣ್ಣದಾದ್ರೂ ಹೇಳಿ. ಇಲ್ಲಿವರೆಗೆ ಯಾರೂ ಹೇಳಿಲ್ಲ."

"ಕ್ಷಮಿಸಿ."

ಅವಳಿಗೆ ಅವನ ಮೇಲೆ ಕೂಗಾಡಬೇಕು ಅನ್ನಿಸಿತು. ಗಂಟಲಿರಲಿಲ್ಲ. ಹೊಡೆಯಬೇಕು ಅನ್ನಿಸಿತು. ಕೈಯಲ್ಲಿ ಬಲವಿರಲಿಲ್ಲ. ಮೂವತ್ತೆಂಟು ದಿನದಿಂದ ಹೊತ್ತದ್ದನ್ನು ಇಳಿಸಿದ ಜಾಗದಲ್ಲಿ ಬರೀ ಆಯಾಸ ಇತ್ತು, ಬಾವು ಇಳಿದ ಮೇಲಿನ ನೋವಿನ ಹಾಗೆ. ಅವಳು ಅವನಿಗಿಂತ ಎರಡು ಮೆಟ್ಟಿಲು ಮೇಲೆ ಕೂತು ಅತ್ತಳು. ಅವನು ಕಂಬಳಿಯನ್ನು ಅವಳ ಬರಿಗಾಲ ಮೇಲೆ ಹಾಕಿದ, ಮುಟ್ಟಲಿಲ್ಲ.

ಅಳು ನಿಂತ ಮೇಲೆ ಅವನು ಕೇಳಿದ, "ಇಲ್ಲಿಗೆ ಯಾಕೆ ಬಂದ್ರಿ? ನಾನು ಇರ್ತೀನಿ ಅಂತ ಗೊತ್ತಿತ್ತಲ್ವಾ?"

"ಇರಬಾರದು ಅಂತ ಬೇಡ್ಕೊಂಡು ಹತ್ತಿದೆ." ಮೂಗು ಒರೆಸಿಕೊಂಡಳು. "ಅರ್ಧ ದಾರಿ. ಆಮೇಲೆ ಇರಲಿ ಅಂತ."

ಒಳಗೆ ಹೋಗಿ ನಾಲ್ಕನೇ ಮಂಚದ ಮೇಲೆ ಬಿದ್ದಳು. ಯಾರೂ ಎಣಿಸಲಿಲ್ಲ. ಅಥವಾ ಎಣಿಸಿದರೂ ಮೂವತ್ತರವರೆಗೆ ಹೋಗುವ ಮೊದಲೇ ಅವಳಿಗೆ ನಿದ್ದೆ ಬಂದಿತ್ತು.

*

ಎಚ್ಚರವಾದಾಗ ಎಲ್ಲೋ ಧಡ್, ಧಡ್ ಸದ್ದು. ಮೈಮೇಲೆ ಎರಡು ಕಂಬಳಿ. ಉಳಿದೆಲ್ಲ ಹಾಸಿಗೆ ಸುತ್ತಿಟ್ಟಾಗಿತ್ತು, ಕಿಟಕಿಗಳಿಗೆ ಹಲಗೆ ಬಡಿದಾಗಿತ್ತು. ಅವಳ ಮಂಚದ ಪಕ್ಕದ ಕಿಟಕಿ ಮಾತ್ರ ತೆರೆದಿತ್ತು. ವಾಚು ನೋಡಿದಳು. ಹತ್ತೂ ಮುಕ್ಕಾಲು.

ದೊಡ್ಡಮ್ಮ ಹೊಸಲ ಮೇಲೆ, ಮಡಿಲಲ್ಲಿ ಬೀಗ ಇಟ್ಟುಕೊಂಡು ಟೀ ಕುಡಿಯುತ್ತಿದ್ದರು.

"ಎಂಟಕ್ಕೆ ಹೊರಡಬೇಕಿತ್ತಲ್ವಾ ನೀವು? ಎಬ್ಬಿಸೋದಲ್ವಾ!"

"ಎಬ್ಬಿಸೋಕೆ ಬಂದೆ. ಇವನು ಅಡ್ಡ ನಿಂತ. 'ಒಂದು ಗಂಟೆ ಬಿಡಿ ದೊಡ್ಡಮ್ಮ, ಸೌದೆ ಒಡೆದುಕೊಡ್ತೀನಿ' ಅಂದ. ಒಂಬತ್ತಾಯ್ತು. ಇನ್ನೊಂದು ಗಂಟೆ, ಇನ್ನಷ್ಟು ಸೌದೆ. ನೀನು ಮಧ್ಯಾಹ್ನದವರೆಗೆ ಮಲಗಿದ್ರೆ ನನಗೆ ಬರೋ ವರ್ಷಕ್ಕೂ ಆಗ್ತಿತ್ತು." ಅವರು ಲೋಟ ಕೆಳಗಿಟ್ಟು ಅವಳ ಮುಖವನ್ನೇ ನೋಡಿದರು. "ಮುಖ ಈಗ ಮನುಷ್ಯರ ಹಾಗಿದೆ. ನಿನ್ನೆ ಬಾಡಿದ ಸೊಪ್ಪಿನ ಹಾಗಿತ್ತು."

ಅವಳು ಹೊರಗೆ ಬಂದಳು. ಗೋಡೆಯುದ್ದಕ್ಕೂ ಎದೆಯೆತ್ತರ ಸೌದೆ. ಅವನು ಅಂಗಿಯ ತೋಳು ಮಡಚಿ, ಕೊಡಲಿಗೆ ಒರಗಿ ನಿಂತಿದ್ದ. ಬೆವರಿಗೆ ಒಣ ಎಲೆಯೊಂದು ಕುತ್ತಿಗೆಗೆ ಅಂಟಿತ್ತು.

"ನಿದ್ದೆ ಬಂತಾ?"

"ಕಣ್ತುಂಬ," ಎಂದಳು. ದನಿ ನಿನ್ನೆಗಿಂತ ಸ್ವಲ್ಪ ಬಿಟ್ಟಿತ್ತು. ಅವನು ಅದನ್ನು ಕೇಳಿ ಕಣ್ಣು ಮುಚ್ಚಿಕೊಂಡ. ಒಂದೇ ಗಳಿಗೆ.

*

ಬೀಗ ಹಾಕಿ ದೊಡ್ಡಮ್ಮ ಸರಸರನೆ ಮುಂದೆ ಇಳಿದುಹೋದರು. ಇವರಿಬ್ಬರಿಗೂ ಅವಸರವಿರಲಿಲ್ಲ. ಅವಳ ಹಿಮ್ಮಡಿ, ಅವನ ಬೆನ್ನು, ಎರಡೂ ನೋಯುತ್ತಿದ್ದವು. ಅರ್ಧ ದಾರಿಯಲ್ಲಿ ಅವಳು ತನ್ನ ಹೆಸರು ಹೇಳಿದಳು. ಅವನು ಅದನ್ನು ಎರಡು ಸಲ ಅಂದು ನೋಡಿದ, ಬಿಸಿ ಇದೆಯೋ ಏನೋ ಎಂದು ತುಟಿಗೆ ತಾಗಿಸಿ ನೋಡುವ ಹಾಗೆ. ಆಮೇಲೆ ತನ್ನದು ಹೇಳಿದ.

"ನಿಮಗೆ ಹೊಂದಲ್ಲ," ಎಂದಳು.

"ಅಪ್ಪನಿಗೆ ಹೇಳಿ."

ಸ್ವಲ್ಪ ದೂರ ನಡೆದ ಮೇಲೆ ಅವನು, "ನನ್ನನ್ನ ಗಾಡಿಯಿಂದ ಇಳಿಸ್ತಾರೆ," ಎಂದ. "ಆರು ತಿಂಗಳೋ, ಪೂರ್ತಿಯೋ ಗೊತ್ತಿಲ್ಲ. ಇಳಿಸಬೇಕಾದ್ದೇ. ಬೇಕರಿಯವರ ಹೆಂಡತಿ ಹತ್ರಾನೂ ಹೋಗಿ ಹೇಳಬೇಕು. ಅಂತೂ ಇನ್ಮೇಲೆ ವೈರ್‌ಲೆಸ್ಸಿನಲ್ಲಿ ನನ್ನ ದನಿ ಬರಲ್ಲ."

"ಮತ್ತೆಲ್ಲಿ ಬರುತ್ತೆ?"

ಅವನು ನಿಂತ. ಅವಳು ಮುಂದೆ ನಡೆಯುತ್ತಲೇ ಇದ್ದಳು, ಆದರೆ ನಿಧಾನಕ್ಕೆ.

"ನಾಲ್ಕು ವರ್ಷ ನಾನು ರಾತ್ರಿ ಪಾಳಿ ಬಿಡಲಿಲ್ಲ," ಎಂದ ಅವನು ಹಿಂದಿನಿಂದ. "ತಂಗಿ ಬೈತಾಳೆ. ಎಲ್ರೂ ಹಗಲು ಪಾಳಿಗೆ ಬಡಿದಾಡ್ತಾರೆ, ನಿನಗೇನು ಗೂಬೆ ಮೆಟ್ಟಿದೆಯಾ ಅಂತ. ಅವಳಿಗೆ ಏನು ಹೇಳಲಿ? ಹಗಲು ಪಾಳೀಲಿ ಏಳನೇ ಡೆಸ್ಕಿನಲ್ಲಿ ಬೇರೆ ಯಾರೋ ಕೂತಿರ್ತಾರೆ ಅಂತ ಹೇಳಲಾ?"

ಅವಳು ತಿರುಗಲಿಲ್ಲ. ಅವಳ ಕಿವಿಯ ತುದಿ ಕೆಂಪಗಾದದ್ದು ಅವನಿಗೆ ಕಂಡಿರಬೇಕು, ಯಾಕೆಂದರೆ ಅವನು ಮತ್ತೇನೂ ಹೇಳಲಿಲ್ಲ.

ಗುಡ್ಡದ ಬುಡದಲ್ಲಿ ಬಸ್‌ಸ್ಟಾಪು. ತಗಡಿನ ಮಾಡು, ಒಂದು ಮರದ ಬೆಂಚು. ಊರು ಒಂದೇ, ಆದರೆ ಅವಳ ಬಸ್ಸು ಅದರ ಪೂರ್ವದ ತುದಿಗೆ, ಅವನದು ಪಶ್ಚಿಮದ ತುದಿಗೆ. ಇಬ್ಬರೂ ಕೂತರು, ನಡುವೆ ಅವಳ ಚೀಲ.

"ನನಗೆ ಕೋಪ ಹೋಗಿಲ್ಲ," ಎಂದಳು ಅವಳು.

"ಹೋಗೋದು ಬೇಡ."

"ಹೇಳದೆ ಕೇಳದೆ ಬರುತ್ತೆ ಅದು. ಊಟ ಮಾಡ್ತಾ ಮಾಡ್ತಾ ನೆನಪಾಗುತ್ತೆ, ತಟ್ಟೆ ತಳ್ಳಿಬಿಡ್ತೀನಿ. ಅಮ್ಮನಿಗೇ ಸಾಕಾಗಿದೆ."

"ಎದುರಿಗೆ ಕೂತಿರ್ತೀನಿ. ತಳ್ಳಿದ ತಟ್ಟೆ ಹಿಡ್ಕೋತೀನಿ."

ಅವಳು ಮೊದಲ ಸಲ ಅವನನ್ನು ನೇರವಾಗಿ, ಪೂರ್ತಿಯಾಗಿ ನೋಡಿದಳು. ಅವನ ಎಡಗಣ್ಣು ಕಿರಿದಾಗಲು ಹೊರಟು, ಧೈರ್ಯ ಸಾಲದೆ ಅಲ್ಲೇ ನಿಂತಿತು.

"ಅಕ್ಕ ನಿಮ್ಮನ್ನ ಹಸಿದ ಹುಲಿ ಹಾಗೆ ಹರಿದು ತಿಂತಾಳೆ," ಎಂದಳು.

"ಯಾವತ್ತು?"

"ಭಾನುವಾರ. ಮಧ್ಯಾಹ್ನ ಊಟಕ್ಕೆ."

ತಿರುವಿನಲ್ಲಿ ಅವಳ ಬಸ್ಸು ಕಾಣಿಸಿತು. ಬಂದು ನಿಂತಿತು. ಬಾಗಿಲು ತೆರೆಯಿತು. ಡ್ರೈವರು ಇವರಿಬ್ಬರ ಕಡೆ ನೋಡಿ, ಒಮ್ಮೆ ಹಾರ್ನ್ ಒತ್ತಿದ.

"ನಿಮ್ಮ ಬಸ್ಸು," ಎಂದ ಅವನು.

"ಕಾಣಿಸ್ತು."

ಬಾಗಿಲು ಮುಚ್ಚಿತು. ಬಸ್ಸು ಧೂಳೆಬ್ಬಿಸಿ ಹೊರಟುಹೋಯಿತು. ಬೋರ್ಡಿನ ಪ್ರಕಾರ ಮುಂದಿನದಕ್ಕೆ ಇನ್ನೂ ಎರಡು ಗಂಟೆ ಕಾಯಬೇಕಿತ್ತು. ಅವಳು ನಡುವೆ ಇದ್ದ ಚೀಲವನ್ನು ಎತ್ತಿ ಕಾಲ ಬಳಿ ಇಟ್ಟುಕೊಂಡಳು.